ಟ್ಯೂರಿನ್ ಶ್ರೌಡ್: ಬಟ್ಟೆ ನೋಡಲು ಹೋದೆ, ಕ್ಯಾಮೆರಾ ನೋಡಿ ಬಂದೆ

ಮೊದಲೇ ಹೇಳಿಬಿಡುತ್ತೇನೆ. ಇಟಲಿಯ ಟ್ಯೂರಿನ್‌ಗೆ ಹೋದರೆ ಶ್ರೌಡ್, ಅಂದರೆ ಯೇಸುವಿನ ಶರೀರಕ್ಕೆ ಹೊದಿಸಿದ್ದು ಅಂತ ಅನೇಕರು ನಂಬುವ, ಮೇಲೆ ಮನುಷ್ಯನ ಆಕಾರ ಮೂಡಿರುವ ಬಟ್ಟೆ, ಕಾಣಿಸುವುದಿಲ್ಲ. ಕಾಣಿಸುವುದು ಪೆಟ್ಟಿಗೆ. ಅದೂ ಗಾಜಿನ ಆಚೆ, ಮೇಲೊಂದು ಬಟ್ಟೆ ಹೊದಿಸಿದ ಪೆಟ್ಟಿಗೆ. ಇಷ್ಟು ಗೊತ್ತಿದ್ದೂ ಹೋಗುತ್ತೇನೆ ಅನ್ನುವವರು ಮುಂದೆ ಓದಿ. ಹೋಗಿ ಅಂತಲೇ ನಾನು ಹೇಳುವುದು, ಆದರೆ ಕಾರಣ ಬೇರೆ.

ಆಫೀಸ್ ಕೆಲಸದ ಮೇಲೆ ಆರು ವಾರ ಮಿಲಾನ್‌ನಲ್ಲಿದ್ದೆ. ಜೊತೆಗೆ ನಮ್ಮ ಟೀಮಿನ ಗೆಳತಿ, ಮಂಗಳೂರಿನವಳು, ಕ್ಯಾಥೊಲಿಕ್. ಮಿಲಾನ್‌ನಿಂದ ಟ್ಯೂರಿನ್ ರೈಲಲ್ಲಿ ಒಂದು ಗಂಟೆ ದಾರಿ. ಸುಮ್ನೆ ಟಿಕೆಟ್ ತೆಗೆದುಕೊಂಡು ಹೋಗಬಹುದಿತ್ತು. ನಾವು ಬುದ್ಧಿವಂತರಲ್ವಾ, ಆನ್‌ಲೈನಲ್ಲಿ ಒಂದು ದಿನದ ಟೂರ್ ಬುಕ್ ಮಾಡಿದೆವು. ಕಂಪನಿಯ ಹೆಸರು ಬೇಡ. ಜಾಹೀರಾತಿನಲ್ಲಿ ಆ ಪ್ರಸಿದ್ಧ ಮುಖ ಇಡೀ ಸ್ಕ್ರೀನ್ ತುಂಬಾ ಇತ್ತು, ಕೆಳಗೆ ಇಂಗ್ಲಿಷ್ ಗೈಡ್, ಊಟ ಇಲ್ಲ, ಶ್ರೌಡ್ ಭೇಟಿ ಅಂತ ಬರೆದಿತ್ತು. ಭೇಟಿ ಅಂದರೆ ದರ್ಶನ ಅಂತ ನಾವು ಅಂದುಕೊಂಡೆವು. ತಪ್ಪು ನಮ್ಮದೂ ಇದೆ.

ಶ್ರೌಡ್ ಇರುವ ಸಂತ ಜಾನ್ ದ ಬ್ಯಾಪ್ಟಿಸ್ಟ್ ಕತೀಡ್ರಲ್ 1490ರ ದಶಕದಲ್ಲಿ ಕಟ್ಟಿದ್ದು. ಇಟಲಿಯ ಲೆಕ್ಕದಲ್ಲಿ ತುಂಬಾ ಸಾದಾ ಚರ್ಚು. ಒಳಗೆ ಎಡಗಡೆ ಸಾಲಿನ ಕೊನೆಗೆ ಹೋದರೆ ಗಾಜಿನ ಗೋಡೆ, ಮುಂದೆ ಮಂಡಿಯೂರಲು ಹಲಗೆಗಳು, ಒಳಗೆ ಆ ಪೆಟ್ಟಿಗೆ. ಬಟ್ಟೆಯನ್ನು ಮಡಿಸದೆ, ಸುತ್ತದೆ, ಉದ್ದಕ್ಕೆ ಹಾಸಿ ಇಟ್ಟಿದ್ದಾರೆ. ಆಮ್ಲಜನಕ ತಾಗಿ ಹಾಳಾಗದಿರಲಿ ಅಂತ ಒಳಗೆ ಆರ್ಗಾನ್ ಅನಿಲ ತುಂಬಿದ್ದಾರೆ. ಬೆಳಕೂ ಇಲ್ಲ. ನಮ್ಮ ಗುಂಪಿನಲ್ಲಿದ್ದ ವಯಸ್ಸಾದ ಒಬ್ಬರು ಗೈಡನ್ನು ಕೇಳಿದರು, ಎಷ್ಟು ಗಂಟೆಗೆ ತೆಗೆಯುತ್ತೀರಿ? ಗೈಡ್ ನಕ್ಕ. ಕೊನೆಯ ಸಲ ಜನರಿಗೆ ತೋರಿಸಿದ್ದು 2015ರಲ್ಲಿ, ಏಪ್ರಿಲ್ 19ರಿಂದ ಜೂನ್ 24ರವರೆಗೆ. ಅದಕ್ಕೂ ಮೊದಲು 2010, 2000, 1998, 1978. ಆ ಅಜ್ಜ ಮರುಮಾತಾಡದೆ ಹಲಗೆ ಮೇಲೆ ಮಂಡಿಯೂರಿದರು. ನನಗೆ ಕೋಪ ಬಂದಿತ್ತು, ಅವರನ್ನು ನೋಡಿ ಬಾಯಿ ಮುಚ್ಚಿಕೊಂಡೆ.

ಗೆಳತಿಗೆ ಬೇಜಾರೇ ಆಗಲಿಲ್ಲ. "ಗೋವಾದಲ್ಲಿ ಎಂತ ಮಾಡ್ತಾರೆ ಮಾರಾಯ? ಫ್ರಾನ್ಸಿಸ್ ಝೇವಿಯರ್ ಶರೀರವನ್ನು ಕೆಳಗೆ ಇಳಿಸುವುದು ಹತ್ತು ವರ್ಷಕ್ಕೊಮ್ಮೆ. ಉಳಿದ ದಿನ ಜನ ಹೋಗುವುದಿಲ್ಲವಾ?" ಅವಳು 2024ರ ಡಿಸೆಂಬರಿನಲ್ಲಿ ಅಮ್ಮನ ಜೊತೆ ಹಳೇ ಗೋವಾದಲ್ಲಿ ಕ್ಯೂ ನಿಂತು ಬಂದವಳು. ಅಲ್ಲಾದರೂ ಹತ್ತು ವರ್ಷ ಅಂತ ಒಂದು ಲೆಕ್ಕ ಇದೆ, ಇಲ್ಲಿ ಅದೂ ಇಲ್ಲವಲ್ಲ ಅಂದೆ. ಅದಕ್ಕೆ ಉತ್ತರ ಬರಲಿಲ್ಲ.

ಗೈಡ್ ಬಗ್ಗೆ ಒಂದು ಮಾತು. ಅವನು ಪೆಟ್ಟಿಗೆ ಮುಂದೆ ನಿಂತು "ಇದು ನಿಜವೆಂದು ನಾಸಾ ಸಾಬೀತು ಮಾಡಿದೆ" ಅಂದ. ಇದು ವಾಟ್ಸಾಪ್‌ನಲ್ಲಿ ನಮ್ಮೂರಿಗೂ ಬಂದಿರುವ ಮಾತು. ನಡೆದದ್ದು ಇಷ್ಟು: 1976ರಲ್ಲಿ ಜಾಕ್ಸನ್ ಮತ್ತು ಜಂಪರ್ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಶ್ರೌಡಿನ ಫೋಟೋವನ್ನು ವಿಪಿ-8 ಅನ್ನುವ ಯಂತ್ರದಲ್ಲಿ ಇಟ್ಟು ನೋಡಿದರು. ಬೆಳಕು-ಕತ್ತಲನ್ನು ಉಬ್ಬು-ತಗ್ಗಾಗಿ ತೋರಿಸುವ ಯಂತ್ರ ಅದು. ಮಾಮೂಲಿ ಫೋಟೋ ಇಟ್ಟರೆ ಮುಖ ವಕ್ರವಕ್ರವಾಗಿ ಬರುತ್ತದೆ. ಇದನ್ನಿಟ್ಟಾಗ ಮೂಗು, ಕೆನ್ನೆ ಎಲ್ಲಾ ಹದವಾಗಿ ಉಬ್ಬಿ ಬಂತು. ಅದು ನಿಜವಾಗಿಯೂ ವಿಚಿತ್ರ, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಯಂತ್ರ ಇದು ಯಾರ ಮುಖ, ಯಾವ ಕಾಲದ್ದು ಅಂತ ಹೇಳುವುದಿಲ್ಲವಲ್ಲ. ಟೂರ್ ಕಂಪನಿಗೆ ಐದಕ್ಕೆ ಒಂದು ಸ್ಟಾರ್. ಅದೂ ಬಸ್ಸಿನ ಎ.ಸಿ. ಚೆನ್ನಾಗಿತ್ತು ಅಂತ.

ಮಧ್ಯಾಹ್ನ ಎರಡು ಗಂಟೆ ಬಿಡುವು ಕೊಟ್ಟರು. ಉಳಿದವರೆಲ್ಲ ಬಿಚೆರಿನ್ ಕುಡಿಯಲು ಹೋದರು. ಕಾಫಿ, ಚಾಕೊಲೇಟ್, ಕೆನೆ ಮೂರನ್ನೂ ಪದರಪದರವಾಗಿ ಗಾಜಿನ ಲೋಟದಲ್ಲಿ ಕೊಡುವ ಇಲ್ಲಿನ ವಿಶೇಷ. ಚೆನ್ನಾಗಿದೆ, ಆದರೆ ಫಿಲ್ಟರ್ ಕಾಫಿ ಕುಡಿದ ನಾಲಿಗೆಗೆ ಪಾಯಸದ ಹಾಗೆ. ನಾವಿಬ್ಬರು ಮೊದಲು ಶ್ರೌಡ್ ಮ್ಯೂಸಿಯಂಗೆ ನಡೆದೆವು. ವಿಯಾ ಸಾನ್ ದೊಮೆನಿಕೊ ಅನ್ನುವ ಬೀದಿಯಲ್ಲಿದೆ, ಕತೀಡ್ರಲ್‌ನಿಂದ ದೂರವಿಲ್ಲ, ನಡೆದೇ ಹೋಗಬಹುದು. ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಮಾಡಿದ್ದಾರೆ. ಟೂರಿನ ಪಟ್ಟಿಯಲ್ಲಿ ಇದು ಇರಲೇ ಇಲ್ಲ ನೋಡಿ.

ಇಲ್ಲಿ ಒಂದು ಕ್ಯಾಮೆರಾ ಇದೆ. ದೊಡ್ಡ ಮರದ ಕ್ಯಾಮೆರಾ. ನಾನು ಅದರ ಮುಂದೆಯೇ ಅರ್ಧ ಗಂಟೆ ನಿಂತಿದ್ದೆ.

ಯಾಕೆ ಅಂದರೆ, ನಮ್ಮಪ್ಪಂದು ತಿಪಟೂರಲ್ಲಿ ಫೋಟೋ ಸ್ಟುಡಿಯೋ ಇತ್ತು. ಡಿಜಿಟಲ್ ಬಂದ ಮೇಲೆ ಮುಚ್ಚಿದರು. ಚಿಕ್ಕವನಿದ್ದಾಗ ಡಾರ್ಕ್ ರೂಮಿನಲ್ಲಿ ಕೆಂಪು ಬಲ್ಬಿನ ಕೆಳಗೆ ಸ್ಟೂಲ್ ಮೇಲೆ ಕೂತಿರುತ್ತಿದ್ದೆ. ಮೂರು ಟ್ರೇ. ಮೊದಲನೆಯದರಲ್ಲಿ ಡೆವಲಪರ್, ಆಮೇಲೆ ನೀರು, ಆಮೇಲೆ ಹೈಪೋ. ಬಿಳಿ ಕಾಗದ ಮೊದಲ ಟ್ರೇಗೆ ಇಳಿಸಿ ಅಪ್ಪ ಒಂದು ಮೂಲೆ ಹಿಡಿದು ನಿಧಾನಕ್ಕೆ ತೂಗುತ್ತಿದ್ದರು. ಹತ್ತಿಪ್ಪತ್ತು ಸೆಕೆಂಡು ಏನೂ ಇಲ್ಲ. ಆಮೇಲೆ ಹುಬ್ಬು. ಯಾವಾಗಲೂ ಮೊದಲು ಹುಬ್ಬು, ಕಣ್ಣಿನ ಗುಂಡಿ, ಕೂದಲು. ಕಪ್ಪಿರುವುದೆಲ್ಲ ಮೊದಲು ಬರುತ್ತದೆ. ಕೆನ್ನೆ ಕೊನೆಗೆ. ಅಪ್ಪನಿಗೆ ನೆಗೆಟಿವ್, ಅಂದರೆ ಕಪ್ಪು ಬೆಳ್ಳಗೆ, ಬಿಳಿ ಕಪ್ಪಗೆ ಕಾಣುವ ಫಿಲ್ಮ್, ನೋಡಿಯೇ ಇದು ಯಾರ ಮನೆಯ ಮದುವೆ ಅಂತ ಗೊತ್ತಾಗುತ್ತಿತ್ತು. ನನಗೆ ಎಲ್ಲರೂ ದೆವ್ವದ ಹಾಗೆ ಕಾಣುತ್ತಿದ್ದರು.

ಈಗ ಆ ಕ್ಯಾಮೆರಾದ ಕತೆ. ಸೆಕೊಂದೊ ಪಿಯಾ ಅಂತ ಒಬ್ಬ ವಕೀಲ, ಫೋಟೋಗ್ರಫಿ ಹವ್ಯಾಸ. 1898ರ ಮೇ ತಿಂಗಳಲ್ಲಿ ಶ್ರೌಡ್ ಪ್ರದರ್ಶನ ಇತ್ತು, ಫೋಟೋ ತೆಗೆಯಲು ಇಟಲಿಯ ರಾಜ ಒಂದನೇ ಉಂಬರ್ಟೊ ಅನುಮತಿ ಕೊಟ್ಟ. 25ನೇ ತಾರೀಖಿನ ಮೊದಲ ಪ್ರಯತ್ನ ಕೈಕೊಟ್ಟಿತು. ವಿದ್ಯುತ್ ದೀಪದ ಶಾಖಕ್ಕೆ ಅದರ ಮುಂದಿದ್ದ ಗಾಜು ಬಿರುಕು ಬಿಟ್ಟಿತ್ತು. 28ರ ರಾತ್ರಿ ಮತ್ತೆ ಬಂದ. ಅಷ್ಟರಲ್ಲಿ ಬಟ್ಟೆಯ ಮುಂದೆ ರಕ್ಷಣೆಗೆ ಅಂತ ಗಾಜು ಬೇರೆ ಹಾಕಿದ್ದರು, ಅದರಲ್ಲಿ ದೀಪದ ಪ್ರತಿಬಿಂಬ. ಹೇಗೋ ಸಂಭಾಳಿಸಿ, 50ಕ್ಕೆ 60 ಸೆಂಟಿಮೀಟರ್ ಅಳತೆಯ ಗಾಜಿನ ಪ್ಲೇಟ್ ಮೇಲೆ ಎರಡು ಚಿತ್ರ ತೆಗೆದ. ಒಂದಕ್ಕೆ 14 ನಿಮಿಷ, ಇನ್ನೊಂದಕ್ಕೆ 20 ನಿಮಿಷ ಎಕ್ಸ್‌ಪೋಷರ್. ಮಧ್ಯರಾತ್ರಿ ಹೊತ್ತಿಗೆ ಪ್ಲೇಟ್ ತೊಳೆಯುತ್ತಿದ್ದಾನೆ. ನೆಗೆಟಿವ್‌ನಲ್ಲಿ ದೆವ್ವ ಕಾಣಬೇಕಿತ್ತು. ಕಂಡದ್ದು ಮನುಷ್ಯ. ಮುಚ್ಚಿದ ಕಣ್ಣು, ಉದ್ದ ಮೂಗು, ಗಡ್ಡ, ಎದೆ ಮೇಲಲ್ಲ, ಕೆಳಗೆ ಒಂದರ ಮೇಲೊಂದು ಇಟ್ಟ ಕೈ. ಪ್ಲೇಟ್ ಕೈಯಿಂದ ಜಾರಿಬಿಡುವುದರಲ್ಲಿತ್ತು ಅಂತ ಅವನೇ ಆಮೇಲೆ ಹೇಳಿಕೊಂಡಿದ್ದಾನೆ.

ಅಂದರೆ ಬಟ್ಟೆಯ ಮೇಲಿರುವುದೇ ನೆಗೆಟಿವ್ ತರಹದ ಚಿತ್ರ. ಅದರ ನೆಗೆಟಿವ್ ತೆಗೆದರೆ ಪಾಸಿಟಿವ್ ಆಯಿತು. ಜನ ನಂಬಲಿಲ್ಲ. ಪಿಯಾ ಏನೋ ಕೈಚಳಕ ಮಾಡಿದ್ದಾನೆ ಅಂದರು. ಮೂವತ್ತಮೂರು ವರ್ಷ ಆ ಮಾತು ಕೇಳಿಸಿಕೊಂಡ. 1931ರಲ್ಲಿ ಜುಸೆಪ್ಪೆ ಎನ್ರಿಯೆ ಎಂಬ ವೃತ್ತಿಪರ ಫೋಟೋಗ್ರಾಫರ್ ಹೊಸದಾಗಿ ತೆಗೆದಾಗ ಅದೇ ಮುಖ ಬಂತು. ಆಗ ಮುದುಕನಾಗಿದ್ದ ಪಿಯಾ ಅಲ್ಲೇ ಇದ್ದ. ಅವನಿಗೆ ಆವತ್ತು ಎಂಥ ನಿದ್ದೆ ಬಂದಿರಬೇಕು!

ಮ್ಯೂಸಿಯಂನಲ್ಲಿ ನನಗೆ ಹೊಳೆದದ್ದು ಇದು. ನಾವೆಲ್ಲ ಶ್ರೌಡ್ ಅಂತ ಯಾವ ಮುಖವನ್ನು ನೆನೆಸಿಕೊಳ್ಳುತ್ತೇವೋ ಅದು ಬಟ್ಟೆಯ ಮೇಲಿಲ್ಲ. ಅದು ನೆಗೆಟಿವ್‌ನಲ್ಲಿದೆ. 1898ಕ್ಕೆ ಮೊದಲು ಆ ಮುಖವನ್ನು ಯಾರೂ ನೋಡಿರಲೇ ಇಲ್ಲ. ಬಟ್ಟೆಯ ನಿಜವಾದ ಅಳತೆಯ ಪ್ರತಿಯನ್ನು ನೋಡಿ, ಸುಮಾರು 4.4 ಮೀಟರ್ ಉದ್ದ, 1.1 ಮೀಟರ್ ಅಗಲ. ಮೊದಲು ಕಣ್ಣಿಗೆ ಹೊಡೆಯುವುದು ಸುಟ್ಟ ಗುರುತುಗಳ ಎರಡು ಸಾಲು. 1532ರಲ್ಲಿ, ಈಗ ಫ್ರಾನ್ಸಿನಲ್ಲಿರುವ ಷಾಂಬೆರಿಯಲ್ಲಿ ಬೆಂಕಿ ಬಿದ್ದಾಗ ಬಟ್ಟೆ ಇಟ್ಟಿದ್ದ ಪೆಟ್ಟಿಗೆಯ ಬೆಳ್ಳಿ ಕರಗಿ ಮಡಿಕೆಗಳ ಮೇಲೆ ಬಿದ್ದು ಆದ ತೂತುಗಳು. ಸನ್ಯಾಸಿನಿಯರು ತೇಪೆ ಹಾಕಿದ್ದರು, ಅದನ್ನು 2002ರಲ್ಲಿ ಬಿಚ್ಚಿ ತೆಗೆದರು. ಆ ಸುಟ್ಟ ಸಾಲುಗಳ ನಡುವೆ ಟೀ ಕಲೆಯ ಹಾಗೆ ಮಾಸಲು ಹಳದಿ ಆಕಾರ. ಹತ್ತಿರ ಹೋದರೆ ಇನ್ನೂ ಕಾಣುವುದಿಲ್ಲ. ದೂರ ನಿಂತರೆ ಅಲ್ಪಸ್ವಲ್ಪ. ಶತಮಾನಗಟ್ಟಲೆ ಜನ ಕೈ ಮುಗಿದದ್ದು ಈ ಮಾಸಲಿಗೆ. ಪೋಸ್ಟರು, ಲಾಕೆಟ್ಟು, ಟೂರಿನ ಜಾಹೀರಾತು ಎಲ್ಲದರಲ್ಲೂ ಇರುವುದು ಮಾತ್ರ ಆ ವಕೀಲನ ಪ್ಲೇಟಿನ ಸಂತಾನ. ಆಕರ್ಷಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಫೋಟೋಗ್ರಫಿಯದು ಅಂತ ನನ್ನ ಲೆಕ್ಕ. ಅದಕ್ಕೇ ಪೆಟ್ಟಿಗೆಗಿಂತ ಈ ಕ್ಯಾಮೆರಾ ನೋಡಲು ಹೋಗಿ ಅನ್ನುವುದು. ಮ್ಯೂಸಿಯಂಗೆ ನಾಲ್ಕೂವರೆ ಸ್ಟಾರ್.

ರಾತ್ರಿ ಮಿಲಾನ್‌ಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಜಗಳ. ಜಗಳ ಅಂದರೆ ಪ್ರೀತಿಯ ಜಗಳ. ನಾನು ಕಾರ್ಬನ್ ಡೇಟಿಂಗ್ ಎತ್ತಿದೆ, ಅಂದರೆ ಬಟ್ಟೆಯಲ್ಲಿರುವ ಕಾರ್ಬನ್ ಅಳೆದು ಅದರ ವಯಸ್ಸು ಹೇಳುವ ಪರೀಕ್ಷೆ. 1988ರಲ್ಲಿ ಒಂದು ಮೂಲೆಯಿಂದ ಪಟ್ಟಿ ಕತ್ತರಿಸಿ ಆಕ್ಸ್‌ಫರ್ಡ್, ಜ್ಯೂರಿಕ್, ಅರಿಜೋನಾ ಮೂರೂ ಕಡೆ ಪರೀಕ್ಷೆ ಮಾಡಿದರು. ಬಂದ ಕಾಲ 1260ರಿಂದ 1390. ಯೇಸುವಿನ ಕಾಲಕ್ಕಿಂತ ಸಾವಿರದ ಇನ್ನೂರು ವರ್ಷಕ್ಕೂ ಈಚೆ.

ಅವಳಿಗೆ ಇದೆಲ್ಲ ಬಾಯಿಪಾಠ. "ಮೂರೂ ಲ್ಯಾಬಿಗೆ ಕೊಟ್ಟದ್ದು ಒಂದೇ ಮೂಲೆಯ ತುಂಡು. ಎಷ್ಟು ಜನ ಹಿಡಿದೆತ್ತಿದ ಮೂಲೆ ಅದು! ರೋಜರ್ಸ್ ಅನ್ನುವ ರಸಾಯನ ವಿಜ್ಞಾನಿ 2005ರಲ್ಲಿ ಬರೆದದ್ದು ಎಂತ? ಆ ಮೂಲೆಯ ನೂಲು ಉಳಿದ ಬಟ್ಟೆಯ ಹಾಗಿಲ್ಲ, ಆಮೇಲೆ ತೇಪೆ ಹಾಕಿದ್ದಿರಬೇಕು ಅಂತ. ಮತ್ತೆ ಲ್ಯಾಬಿನ ಪೂರ್ತಿ ಲೆಕ್ಕ ಹೊರಗೆ ಬಂದದ್ದೇ 2017ರಲ್ಲಿ. ಅದನ್ನು ನೋಡಿದವರು 2019ರಲ್ಲಿ ಅಂಕಿಗಳು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ ಅಂದರು." ಇದರಲ್ಲಿ ಸುಳ್ಳೇನಿಲ್ಲ. ಒಂದೇ ಜಾಗದಿಂದ ತುಂಡು ತೆಗೆದದ್ದು ಪೆದ್ದು ಕೆಲಸ ಅಂತ ನಾನೂ ಒಪ್ಪುತ್ತೇನೆ. ಮೂರು ಬೇರೆ ಜಾಗದಿಂದ ತೆಗೆದಿದ್ದರೆ ಈ ವಾದ ಅಲ್ಲೇ ಮುಗಿಯುತ್ತಿತ್ತು.

ಆದರೂ ಲೆಕ್ಕ ಹಾಕಿ ನೋಡಿ. ಮೊದಲನೇ ಶತಮಾನದ ಬಟ್ಟೆ ಹದಿನಾಲ್ಕನೇ ಶತಮಾನದ್ದು ಅಂತ ತೋರಿಸಬೇಕಾದರೆ ಆ ತುಂಡಿನ ಕಾರ್ಬನ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಸದಿರಬೇಕು. ಬೆವರು, ಮೇಣದ ಹೊಗೆ ಅಂದರೆ ಸಾಲದು. ಬಟ್ಟೆಗಿಂತ ತೇಪೆಯೇ ಜಾಸ್ತಿ ಇರಬೇಕು. ಅದು ಯಾರ ಕಣ್ಣಿಗೂ ಬೀಳಲಿಲ್ಲವಾ?

ಕಾರ್ಬನ್ ಬಿಡಿ, ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಹಳೇ ಕಾಗದಪತ್ರ. ಈ ಬಟ್ಟೆಯ ಬಗ್ಗೆ ಗಟ್ಟಿ ದಾಖಲೆ ಶುರುವಾಗುವುದೇ 1350ರ ದಶಕದಲ್ಲಿ, ಫ್ರಾನ್ಸಿನ ಲಿರೆ ಅನ್ನುವ ಸಣ್ಣ ಊರಲ್ಲಿ. ಜೆಫ್ರುವಾ ದ ಶಾರ್ನಿ ಅನ್ನುವ ಯೋಧ ಕಟ್ಟಿಸಿದ ಚರ್ಚು. ಬಟ್ಟೆ ತೋರಿಸಿ ಯಾತ್ರಿಕರನ್ನು ಸೇರಿಸುತ್ತಿದ್ದರು. 1389ರಲ್ಲಿ ಅಲ್ಲಿನ ಬಿಷಪ್ ಪಿಯರ್ ದಾರ್ಸಿ ತಕರಾರು ಬರೆದ. ಇದು ಜಾಣತನದಿಂದ ಬರೆದ ಚಿತ್ರ, ಹಿಂದಿನ ಬಿಷಪ್ ವಿಚಾರಿಸಿದಾಗ ಬರೆದವನೇ ಒಪ್ಪಿಕೊಂಡಿದ್ದ ಅಂತ. ಈಗ ನೋಡಿ, ಆ ಬಿಷಪ್‌ಗೆ ಕಾರ್ಬನ್ ಗೊತ್ತಿಲ್ಲ, ಲ್ಯಾಬಿನ ಯಂತ್ರಕ್ಕೆ ಬಿಷಪ್ ಗೊತ್ತಿಲ್ಲ. ಆರುನೂರು ವರ್ಷದ ಅಂತರದಲ್ಲಿ ಇಬ್ಬರೂ ಒಂದೇ ಕಾಲವನ್ನು ಬೆರಳು ತೋರಿಸುತ್ತಾರೆ. ನಮ್ಮೂರ ಪಂಚಾಯ್ತಿಯಲ್ಲಿ ಇಂಥ ಎರಡು ಸಾಕ್ಷಿ ಸಿಕ್ಕಿದ್ದರೆ ತೀರ್ಮಾನ ಆಗಿ ಊಟ ಬಡಿಸುತ್ತಿದ್ದರು.

ಇನ್ನೂ ಒಂದಿದೆ. ಯೋಹಾನನ ಸುವಾರ್ತೆ ಪ್ರಕಾರ ಸಮಾಧಿಯಲ್ಲಿ ತಲೆಗೆ ಸುತ್ತಿದ್ದ ಬಟ್ಟೆ ಬೇರೆಯೇ ಇತ್ತು, ಸುತ್ತಿ ಬೇರೆ ಜಾಗದಲ್ಲಿ ಬಿದ್ದಿತ್ತು. ಇಲ್ಲಿ ಮುಖವೂ ಮೈಯೂ ಒಂದೇ ಬಟ್ಟೆ ಮೇಲಿದೆ. ಹದಿನಾರನೇ ಶತಮಾನದಲ್ಲೇ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಇದನ್ನು ಎತ್ತಿ ಆಡಿಕೊಂಡಿದ್ದ.

"ಸರಿ, ಬರೆದದ್ದಾದರೆ ಹೇಗೆ ಬರೆದ ಹೇಳು" ಅಂದಳು. ಇಲ್ಲಿ ನನ್ನ ಗಾಳಿ ಸ್ವಲ್ಪ ಇಳಿಯಿತು. 1978ರಲ್ಲಿ ಅಮೆರಿಕದ ಒಂದು ತಂಡ ಐದು ದಿನ ಹಗಲೂ ರಾತ್ರಿ ಈ ಬಟ್ಟೆಯನ್ನು ಪರೀಕ್ಷೆ ಮಾಡಿತು. ಕುಂಚದ ಗುರುತಿಲ್ಲ, ಬಣ್ಣದಿಂದ ಆದ ಚಿತ್ರ ಅಲ್ಲ, ಹಳದಿಯಾಗಿರುವುದು ನೂಲಿನ ತೀರಾ ಮೇಲಿನ ಎಳೆಗಳಲ್ಲಿ ಮಾತ್ರ ಅಂತ 1981ರಲ್ಲಿ ಹೇಳಿತು. ಬಟ್ಟೆ ಮೇಲಿನ ರಕ್ತದ ಕಲೆ ನಿಜವಾದ ರಕ್ತ ಅಂತಲೂ ಹೇಳಿತು. ಅದೇ ತಂಡ ತಂದ ಎಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವಾಲ್ಟರ್ ಮೆಕ್ರೋನ್ ಮಾತ್ರ ಇದು ಕೆಮ್ಮಣ್ಣು ಬಣ್ಣ, ಯಾರೋ ಬರೆದದ್ದು ಅಂದ. ಅವನ ಮಾತನ್ನು ತಂಡ ಒಪ್ಪಲಿಲ್ಲ, ತಂಡದ ಮಾತನ್ನು ಅವನು ಸಾಯುವ ತನಕ ಒಪ್ಪಲಿಲ್ಲ. 2009ರಲ್ಲಿ ಇಟಲಿಯವನೇ ಆದ ಗಾರ್ಲಸ್ಕೆಲ್ಲಿ ಅನ್ನುವ ರಸಾಯನ ವಿಜ್ಞಾನಿ ಒಬ್ಬ ಮನುಷ್ಯನ ಮೇಲೆ ಬಟ್ಟೆ ಹಾಸಿ, ಬಣ್ಣ ತಿಕ್ಕಿ, ಕಾಯಿಸಿ, ತೊಳೆದು ಹೆಚ್ಚೂಕಡಿಮೆ ಇಂಥದ್ದೇ ಒಂದನ್ನು ಮಾಡಿ ತೋರಿಸಿದ. ದೂರದಿಂದ ಹಾಗೇ ಕಾಣುತ್ತದೆ. ಹತ್ತಿರದಿಂದ ಹಾಗಲ್ಲ ಅಂತ ಶ್ರೌಡಿನ ಕಡೆಯವರ ವಾದ. ಹೇಗೆ ಮಾಡಿದರು ಅನ್ನುವುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇವತ್ತಿಗೂ ಇಲ್ಲ. ಆದರೆ ಹೇಗೆ ಮಾಡಿದರು ಅಂತ ಗೊತ್ತಿಲ್ಲದಿರುವುದು ಯಾವಾಗ ಮಾಡಿದರು ಅನ್ನುವುದನ್ನು ಬದಲಿಸುವುದಿಲ್ಲ ಅಂದೆ.

1978ರ ಆ ಅಮೆರಿಕನ್ ತಂಡದ ಫೋಟೋಗ್ರಾಫರ್ ಬ್ಯಾರಿ ಶ್ವಾರ್ಟ್ಜ್ ಯೆಹೂದಿ. ಮೊದಮೊದಲು ನಂಬದವನು ಆಮೇಲೆ ಇದು ಅಸಲಿ ಅಂತ ಒಪ್ಪಿ, 2024ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ವಾದಿಸಿದ. ಯೆಹೂದಿಯಾಗಿಯೇ ಉಳಿದ. ಇದನ್ನು ಹೇಳಿದ್ದು ಗೆಳತಿ. ಮತ್ತೆ ಫೋಟೋಗ್ರಾಫರ್, ಗಮನಿಸಿ.

ಕೊನೆಗೆ ನಾನು ಗೆದ್ದೆ ಅಂದುಕೊಂಡು ನೀರು ಕುಡಿಯುತ್ತಿದ್ದಾಗ ಅವಳು ಹೇಳಿದ್ದು: "ನಮ್ಮ ಇಗರ್ಜಿಯೇ ಇದು ಅಸಲಿ ಅಂತ ಹೇಳಿಲ್ಲ ಮಾರಾಯ. ಜಾನ್ ಪಾಲ್ ಪೋಪ್ 1998ರಲ್ಲಿ ಇಲ್ಲಿಗೇ ಬಂದು, ಇದನ್ನು ತೀರ್ಮಾನಿಸುವುದು ವಿಜ್ಞಾನಿಗಳ ಕೆಲಸ, ನಮ್ಮದಲ್ಲ ಅಂದದ್ದು. ತಲೆ ಕೆಡಿಸಿಕೊಂಡದ್ದು ನೀನೇ ಜಾಸ್ತಿ." ಅದೂ ನಿಜ. ಬಟ್ಟೆ ಈಗ ಪೋಪ್‌ದೇ ಆಸ್ತಿ. 1983ರಲ್ಲಿ ತೀರಿಕೊಂಡ ಇಟಲಿಯ ಕೊನೆಯ ರಾಜ ಉಯಿಲಿನಲ್ಲಿ ಬರೆದು ಕೊಟ್ಟ. ಆದರೂ ಅಸಲಿ ಅಂತ ಒಂದು ಮಾತು ಹೇಳುವುದಿಲ್ಲ, ನಕಲಿ ಅಂತಲೂ ಹೇಳುವುದಿಲ್ಲ. ಪೋಪ್ ಫ್ರಾನ್ಸಿಸ್ ಇದನ್ನು ಐಕಾನ್ ಅಂತ ಕರೆದರು, ಅಂದರೆ ಪೂಜ್ಯ ಚಿತ್ರ. ಜಾಣ ಪದ.

ಹೋಗುವವರಿಗೆ ಎರಡು ಮಾತು. ಕತೀಡ್ರಲ್ ಒಳಗೆ ಹೋಗಲು ದುಡ್ಡಿಲ್ಲ. ಅದರ ಹಿಂದೆ ಅಂಟಿಕೊಂಡೇ ಗ್ವಾರಿನಿ ಅನ್ನುವ ವಾಸ್ತುಶಿಲ್ಪಿ ಕಟ್ಟಿದ ಶ್ರೌಡ್ ಚಾಪೆಲ್ ಇದೆ, ಅದಕ್ಕೆ ಅರಮನೆಯ ಮ್ಯೂಸಿಯಂ ಟಿಕೆಟ್ ಬೇಕು. ಬಿಡಬೇಡಿ. ಕಪ್ಪು ಕಲ್ಲು, ಮೇಲೆ ಕಮಾನಿನ ಮೇಲೆ ಕಮಾನು ಕೂರಿಸಿಕೊಂಡು ಹೋದ ಗೋಪುರ, ತುದಿಯಿಂದ ಬೆಳಕು ಸೋಸಿ ಬೀಳುತ್ತದೆ. 1997ರ ಏಪ್ರಿಲಿನಲ್ಲಿ ಇದಕ್ಕೆ ಬೆಂಕಿ ಬಿತ್ತು. ಅಗ್ನಿಶಾಮಕದ ಮಾರಿಯೊ ತ್ರೆಮತೋರೆ ಸುತ್ತಿಗೆಯಿಂದ ಗುಂಡು ನಿರೋಧಕ ಗಾಜು ಒಡೆದು ಶ್ರೌಡ್ ಹೊರಗೆ ತಂದರು. ಚಾಪೆಲ್ ಮತ್ತೆ ತೆರೆದದ್ದು 2018ರಲ್ಲಿ. ಟೂರ್ ಬೇಡ, ರೈಲಲ್ಲಿ ಹೋಗಿ, ಒಂದು ಇಡೀ ದಿನ ಇಟ್ಟುಕೊಳ್ಳಿ.

ಬರುವಾಗ ಒಂದು ಅಂಗಡಿಯಲ್ಲಿ ಆ ನೆಗೆಟಿವ್ ಮುಖದ ಪ್ರಿಂಟ್ ಕೊಂಡೆ, ಒಳ್ಳೇ ಮ್ಯಾಟ್ ಕಾಗದ. ತಿಪಟೂರಿಗೆ ತಂದು ಅಪ್ಪನ ಕೈಗೆ ಕೊಟ್ಟೆ, ಏನೂ ಹೇಳದೆ. ಕನ್ನಡಕ ಹಾಕಿಕೊಂಡು ಕಿಟಕಿ ಹತ್ತಿರ ಹೋದರು. ಓರೆ ಮಾಡಿ, ದೂರ ಹಿಡಿದು, ಹತ್ತಿರ ತಂದು ನೋಡಿದರು.

"ಏನೋ ಇದು, ಮುದುಕನ ಫೋಟೋನಾ?"

"ಯಾಕಪ್ಪ? ಅವರಿಗೆ ಮೂವತ್ತಮೂರು ವರ್ಷ ಅಂತಾರೆ."

"ಗಡ್ಡ ಬೆಳ್ಳಗಿದೆಯಲ್ಲೋ. ಕೂದಲೂ ಬೆಳ್ಳಗಿದೆ."

ನಾನು ಮತ್ತೆ ನೋಡಿದೆ. ಹೌದು. ಇಷ್ಟು ವರ್ಷದಿಂದ ಈ ಮುಖ ನೋಡಿದ್ದೇನೆ, ಗಮನಿಸಿರಲಿಲ್ಲ. ಅಸಲಿ ನೆಗೆಟಿವ್ ಆಗಿದ್ದರೆ ಕಪ್ಪು ಕೂದಲು ಬಟ್ಟೆ ಮೇಲೆ ತಿಳಿಯಾಗಿ ಬಂದು, ಪ್ರಿಂಟ್‌ನಲ್ಲಿ ಕಪ್ಪಾಗಬೇಕಿತ್ತು. ಇಲ್ಲಿ ಬಟ್ಟೆ ಮೇಲೂ ಕೂದಲು ಗಾಢವಾಗಿಯೇ ಇದೆ, ಅದಕ್ಕೇ ಪ್ರಿಂಟ್‌ನಲ್ಲಿ ನರೆತ ಹಾಗೆ. ರಕ್ತದ ಕಲೆಯೂ ಹಾಗೇ, ಹಣೆ ಮೇಲೆ ಬೆಳ್ಳಗೆ ಇಳಿದಿದೆ. ಶ್ರೌಡನ್ನು ಒಪ್ಪದವರು ಇದನ್ನು ಹಿಂದೆಯೇ ಹೇಳಿದ್ದಾರಂತೆ, ಆಮೇಲೆ ಓದಿದೆ. ಅಪ್ಪ ಏನೂ ಓದಿರಲಿಲ್ಲ. ಎಷ್ಟು ಮದುವೆ ಮನೆಗಳ ನೆಗೆಟಿವ್ ನೋಡಿದ ಕಣ್ಣು ಅದು.

ಖುಷಿ ತಡೆಯಲಾಗದೆ ಗೆಳತಿಗೆ ಮೆಸೇಜ್ ಹಾಕಿದೆ. ಎರಡೇ ನಿಮಿಷಕ್ಕೆ ಉತ್ತರ ಬಂತು: "ಅಷ್ಟು ಪೆಟ್ಟು ತಿಂದು ಶಿಲುಬೆಗೆ ಏರಿದರೆ ಒಂದೇ ದಿನದಲ್ಲಿ ಯಾರ ಕೂದಲಾದರೂ ಬೆಳ್ಳಗಾಗ್ತದೆ ಅಂತ ನಿಮ್ಮ ಅಪ್ಪನಿಗೆ ಹೇಳು."

ಅಪ್ಪನಿಗೆ ಓದಿ ಹೇಳಿದೆ. ಜೋರಾಗಿ ನಕ್ಕರು. ಆಮೇಲೆ ಪ್ರಿಂಟ್ ತಿರುಗಿಸಿ ಹಿಂದೆ ನೋಡಿ ಕೇಳಿದರು: "ಫೋಟೋ ತೆಗೆದವನ ಹೆಸರು ಯಾಕೆ ಹಾಕಿಲ್ಲ?"